ಇಂಗ್ಲೆಂಡಿನ ಬಾಡಿಗೆ ಮನೆಯಿಂದ ಬಂದ ದೂರು

ಕೋವಿಡ್ ಕಳೆದ ಮೇಲಿನ ಎರಡನೇ ಜನವರಿ. ಅರಸೀಕೆರೆಯಲ್ಲಿ ನಾನು ವಕೀಲನಾಗಿ ಮೂವತ್ತೊಂದು ವರ್ಷ, ನೋಟರಿಯಾಗಿ ಹನ್ನೆರಡು ವರ್ಷ ಕಳೆದಿದ್ದೆ. ರೈಲ್ವೆ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ, ಕೊಬ್ಬರಿ ಮಂಡಿಯೊಂದರ ಮಹಡಿಯ ಮೇಲೆ ನನ್ನ ಆಫೀಸು. ತೋಟದ ಪಾಲು, ದಾರಿಯ ಹಕ್ಕು, ಪಹಣಿಯಲ್ಲಿ ತಪ್ಪಾಗಿ ಬಿದ್ದ ಹೆಸರು, ಹೆಚ್ಚಾಗಿ ಇಂಥ ಕೆಲಸಗಳೇ. ವಿದೇಶದ ಮನೆಯೊಂದರ ಕಡತ ನನ್ನ ಮೇಜಿಗೆ ಬಂದದ್ದು ಅದೊಂದೇ ಸಲ.

ತಂದವರು ಪುಷ್ಪಾವತಿ. ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರಿನ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ನರ್ಸ್ ಆಗಿದ್ದವರು. ಅಲ್ಲೇ ಸಾಲ ಮಾಡಿ, ಸಾಲುಮನೆಗಳ ನಡುವಿನ ಒಂದು ಹಳೆಯ ಪುಟ್ಟ ಮನೆ ಕೊಂಡಿದ್ದರು. ಹಾಸನದ ನರ್ಸಿಂಗ್ ಕಾಲೇಜೊಂದು ಪಾಠಕ್ಕೆ ಕರೆದಾಗ ಊರಿಗೆ ಮರಳಿದರು. ಮನೆಯನ್ನು ಮಾರಲು ಮನಸ್ಸಾಗದೆ ಒಬ್ಬ ಏಜೆಂಟನ ಮೂಲಕ ಬಾಡಿಗೆಗೆ ಕೊಟ್ಟರು. ಗ್ರೇಸ್ ಎಂಬ ಹೆಂಗಸು, ಬೇಕರಿಯಲ್ಲಿ ರಾತ್ರಿಪಾಳಿ ಮಾಡುವ ಆಕೆಯ ಗಂಡ, ಏಳು ವರ್ಷದ ಮಗಳು ಆ ಮನೆಯಲ್ಲಿದ್ದರು.

ಏಜೆಂಟ್ ಫೋನಿಗೂ ಸಿಗುತ್ತಿರಲಿಲ್ಲ, ಪತ್ರಕ್ಕೂ ಉತ್ತರಿಸುತ್ತಿರಲಿಲ್ಲ. ಅವನನ್ನು ಬಿಡಿಸಿ ತಮ್ಮ ಹಳೆಯ ಸಹೋದ್ಯೋಗಿಯೊಬ್ಬರಿಗೆ ಪವರ್ ಆಫ್ ಅಟಾರ್ನಿ, ಅಂದರೆ ತಮ್ಮ ಪರವಾಗಿ ಮನೆ ನೋಡಿಕೊಳ್ಳುವ ಅಧಿಕಾರಪತ್ರ ಕೊಡಬೇಕೆಂಬುದು ಪುಷ್ಪಾವತಿಯವರ ಉದ್ದೇಶ. ಕೊನೆಗೊಮ್ಮೆ ಫೋನಿಗೆ ಸಿಕ್ಕಾಗ ಜಗಳಾಡಿದ ಮೇಲೆ ಏಜೆಂಟ್ ಹಳೆಯ ಪತ್ರಗಳನ್ನೆಲ್ಲ ಒಟ್ಟಿಗೆ ಈಮೇಲ್ ಮಾಡಿದ್ದ. ಸೈಬರ್ ಸೆಂಟರಿನಲ್ಲಿ ಅವನ್ನು ಪ್ರಿಂಟ್ ಹಾಕಿಸಿ, ಒಂದು ಮಂಗಳವಾರ ನನ್ನ ಕೈಗಿಟ್ಟರು. ನಲವತ್ತೆರಡು ಪುಟ.

"ಪರೀಕ್ಷೆ ಡ್ಯೂಟಿ ಇದೆ ಸಾರ್, ನಂಗೆ ಓದೋಕೆ ಪುರಸೊತ್ತಿಲ್ಲ. ನೀವೇ ನೋಡಿ, ಅವನ ತಪ್ಪೇನಿದೆ ಅಂತ ಪಟ್ಟಿ ಮಾಡಿಡಿ," ಎಂದರು.

ಅದೇ ಸಂಜೆ ಕೂತು ಓದಿದೆ. ಆ ದೇಶದಲ್ಲಿ ಬಾಡಿಗೆ ಮನೆಯ ಗ್ಯಾಸ್ ಉಪಕರಣಗಳನ್ನು ಅಧಿಕೃತ ತಂತ್ರಜ್ಞ ವರ್ಷಕ್ಕೊಮ್ಮೆ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಇಲ್ಲಿದ್ದ ಪ್ರಮಾಣಪತ್ರದ ಅವಧಿ ಮುಗಿದು ಐದು ತಿಂಗಳಾಗಿತ್ತು. ಏಜೆಂಟನ ವಿರುದ್ಧ ಗಟ್ಟಿ ಅಂಶ ಸಿಕ್ಕಿತೆಂದು ಖುಷಿಯಾಗಿಯೇ ಕೆಂಪು ಗೆರೆ ಎಳೆದೆ. ಅದರ ಕೆಳಗಿದ್ದ ಗ್ರೇಸ್‌ಳ ಪತ್ರವನ್ನೂ ಓದಿ, 'ಬಾಡಿಗೆದಾರರ ಸಣ್ಣಪುಟ್ಟ ದೂರುಗಳು' ಎಂದು ಬರೆದು ಪಕ್ಕಕ್ಕಿಟ್ಟೆ.

ಗುರುವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಪುಷ್ಪಾವತಿ ಸಹಿ ಹಾಕಲು ಬಂದರು. ನಾನು ಪಟ್ಟಿ ಓದುತ್ತಾ ಹೋದೆ. ಹಾಲ್‌ನ ಗ್ಯಾಸ್ ಹೀಟರಿನ ಉರಿ ಹಳದಿಯಾಗಿದೆ, ಗೋಡೆಗೆ ಮಸಿ ಹಿಡಿದಿದೆ, ಮನೆಯಲ್ಲಿ ತಲೆನೋವು...

"ತಲೆನೋವು ಯಾರಿಗೆ?" ಪೆನ್ನು ಹಿಡಿದಿದ್ದ ಅವರ ಕೈ ನಿಂತಿತು.

"ಮೂರು ಜನಕ್ಕೂ ಅಂತ ಬರೆದಿದ್ದಾಳೆ."

"ಆಚೆ ಹೋದ್ರೆ ಕಮ್ಮಿ ಆಗುತ್ತೆ ಅಂತೇನಾದ್ರೂ ಇದೆಯಾ? ಸರಿಯಾಗಿ ನೋಡಿ ಸಾರ್."

ನೋಡಿದೆ. ಮಗಳಿಗೆ ಶಾಲೆಯಲ್ಲಿ ನೋವಿರುವುದಿಲ್ಲ, ಮನೆಗೆ ಬಂದ ಮೇಲೆ ಶುರುವಾಗುತ್ತದೆ ಎಂದಿತ್ತು. ಅದರ ಕೆಳಗೆ ಇನ್ನೂ ಎರಡು ಸಾಲು: ಗೋಡೆಯ ಮೇಲಿನ ಪೆಟ್ಟಿಗೆ ಪದೇ ಪದೇ ಕೂಗುತ್ತಿದ್ದುದರಿಂದ ಬಿಚ್ಚಿಟ್ಟಿದ್ದೇವೆ. ತುಂಬಾ ಚಳಿ, ಈಗ ಹೀಟರ್ ಹಚ್ಚಿಕೊಂಡು ಹಾಲ್‌ನಲ್ಲೇ ಮಲಗುತ್ತಿದ್ದೇವೆ.

ಪುಷ್ಪಾವತಿ ಎದ್ದು ನಿಂತರು. "ಅದು ಕಾರ್ಬನ್ ಮಾನಾಕ್ಸೈಡ್ ಸಾರ್, ಗ್ಯಾಸ್ ಸರಿಯಾಗಿ ಉರಿಯದೆ ಬರೋ ವಿಷದ ಗಾಳಿ. ವಾಸನೆ ಇರಲ್ಲ, ಕಣ್ಣಿಗೂ ಕಾಣಲ್ಲ. ಮಲಗಿದವರು ಏಳಲ್ಲ. ಆ ಪೆಟ್ಟಿಗೆ ನಾನೇ ಹಾಕಿಸಿದ ಅಲಾರಂ. ಪತ್ರ ಯಾವತ್ತಿಂದು?"

ಒಂಬತ್ತು ದಿನದ ಹಿಂದಿನದು. ಅದರಲ್ಲಿ ಎರಡು ದಿನ ಅದು ನನ್ನ ಮೇಜಿನ ಮೇಲಿತ್ತು.

ಅಲ್ಲಿ ಆಗ ಬೆಳಗಿನ ಆರು ಮುಕ್ಕಾಲು. ಗ್ರೇಸ್‌ಳ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದರು, ಮತ್ತೆ ಅದೇ. ಏಜೆಂಟನ ಆಫೀಸು ತೆರೆದಿರಲಿಲ್ಲ. ಗ್ಯಾಸ್ ತುರ್ತು ಸೇವೆಯ ಉಚಿತ ಸಂಖ್ಯೆ ನಮ್ಮ ದೇಶದಿಂದ ಹೋಗಲೇ ಇಲ್ಲ. ಸಹೋದ್ಯೋಗಿ ಪಾಳಿಯಲ್ಲಿದ್ದರೇನೋ, ಫೋನು ಬಂದ್ ಆಗಿತ್ತು. ನಾನು ಸುಮ್ಮನೆ ಪಕ್ಕದಲ್ಲಿ ನಿಂತಿದ್ದೆ. ಇಷ್ಟು ವರ್ಷದ ವಕೀಲಿಕೆಯಲ್ಲಿ ಕಲಿತದ್ದು ಒಂದೂ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ.

"ಅಕ್ಕಪಕ್ಕದವರು ಯಾರೂ ಇಲ್ವೇನಮ್ಮಾ?" ಎಂದೆ.

ಇದ್ದರು. ಬ್ರಯನ್ ಎಂಬ ನಿವೃತ್ತ ಬಸ್ ಡ್ರೈವರ್. ಹಳೆಯ ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಹುಡುಕಿ ಕರೆ ಮಾಡಿದರು. ನಾಲ್ಕನೇ ರಿಂಗಿಗೆ ಆತ ಎತ್ತಿಕೊಂಡ. ಪುಷ್ಪಾವತಿ ಇಂಗ್ಲಿಷಿನಲ್ಲಿ ಕೂಗಿದರು: ಓಡಿಹೋಗಿ ಬಾಗಿಲು ಬಡಿ, ತೆಗೆಯದಿದ್ದರೆ ಕಿಟಕಿ ಒಡೆ, ಸ್ವಿಚ್ ಮುಟ್ಟಬೇಡ, ಒಳಗೆ ಹೆಚ್ಚು ಹೊತ್ತು ನಿಲ್ಲಬೇಡ.

ಫೋನಿನ ಸ್ಪೀಕರಿನಲ್ಲಿ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಆತ ಗ್ರೇಸ್, ಗ್ರೇಸ್ ಎಂದು ಕರೆದ. ಉತ್ತರವಿಲ್ಲ. ಅಷ್ಟರಲ್ಲಿ ನಮ್ಮ ಕಿಟಕಿಯಾಚೆ ಗೂಡ್ಸ್ ರೈಲು ಹಾಯತೊಡಗಿ ಏನೂ ಕೇಳದಾಯಿತು. ನಾವಿಬ್ಬರೂ ಫೋನಿಗೆ ಕಿವಿ ಹಚ್ಚಿದೆವು. ಗಾಜು ಒಡೆದ ಸದ್ದು ಬಂತು, ಕರೆ ಕಡಿದುಹೋಯಿತು.

ಆಮೇಲೆ ಹನ್ನೊಂದು ನಿಮಿಷ. ಪುಷ್ಪಾವತಿ ನೆಲದ ಮೇಲೆ ಕೂತುಬಿಟ್ಟಿದ್ದರು. "ಆ ಮಗೂಗೆ ಏಳೇ ವರ್ಷ ಸಾರ್," ಎಂದು ಒಂದೇ ಮಾತು ಹೇಳುತ್ತಿದ್ದರು. ಗೋಡೆಯ ಗಡಿಯಾರ ನೋಡಲೂ ನನಗೆ ಧೈರ್ಯವಿರಲಿಲ್ಲ.

ಬ್ರಯನ್ ಮತ್ತೆ ಕರೆ ಮಾಡಿದ. ಮಗು ವಾಂತಿ ಮಾಡಿಕೊಂಡು ಅಳುತ್ತಿತ್ತು, ಎತ್ತಿ ಹೊರತಂದಿದ್ದ. ಗ್ರೇಸ್ ಹಾಲ್‌ನ ಬಾಗಿಲ ಬಳಿ ಬಿದ್ದಿದ್ದಳು, ಪ್ರಜ್ಞೆ ಇರಲಿಲ್ಲ. ಉಸಿರಿತ್ತು. ಇನ್ನೊಬ್ಬ ನೆರೆಯವನ ಜೊತೆ ಸೇರಿ ಆಕೆಯನ್ನೂ ಹಿಮದ ಮೇಲೆ ಎಳೆದು ತಂದಿದ್ದರು. ಆಂಬುಲೆನ್ಸ್ ಬಂದಿತ್ತು. ಗಂಡ ರಾತ್ರಿಪಾಳಿ ಮುಗಿಸಿ ಇನ್ನೂ ಮನೆಗೆ ಬಂದಿರಲಿಲ್ಲ.

ಮಗು ಎರಡು ದಿನದಲ್ಲಿ ಚೇತರಿಸಿಕೊಂಡಿತು. ತಾಯಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಆಮೇಲೂ ಕೆಲವು ತಿಂಗಳು ಮಾತಿನ ನಡುವೆ ಪದಗಳು ಮರೆಯುತ್ತಿದ್ದವಂತೆ. ಚಿಮಣಿಯೊಳಗೆ ಹಕ್ಕಿ ಗೂಡು ಕಟ್ಟಿ, ಹೊಗೆ ಹೋಗುವ ದಾರಿಯೇ ಮುಚ್ಚಿತ್ತು.

ಆ ಗುರುವಾರ ಸಂಜೆಯೇ ಪುಷ್ಪಾವತಿಯವರಿಗೆ ಹೇಳಿದೆ: "ಮಂಗಳವಾರವೇ ಆ ಪತ್ರ ಓದಿದ್ದೆ ಕಣಮ್ಮಾ. ಸಣ್ಣಪುಟ್ಟ ದೂರು ಅಂತ ಬರೆದಿಟ್ಟೆ."

ಅವರು ಆ ಪತ್ರವನ್ನು ಕೈಗೆ ತೆಗೆದುಕೊಂಡರು. "ನೀವಾದ್ರೂ ಓದಿದ್ರಿ ಸಾರ್. ನಾನು ನರ್ಸ್, ಮನೆ ನಂದು. ನಾನು ಬಿಚ್ಚಿ ಕೂಡ ನೋಡ್ಲಿಲ್ಲ."

ಅಲ್ಲಿನ ಅಧಿಕಾರಿಗಳು ವಿಚಾರಣೆ ನಡೆಸಿದಾಗ, ತಪ್ಪನ್ನೆಲ್ಲ ಏಜೆಂಟನ ಮೇಲೆ ಹಾಕಬಹುದೆಂದು ನಾನು ಸಲಹೆ ಕೊಟ್ಟೆ. ಅವರು ಒಪ್ಪಲಿಲ್ಲ. ಪ್ರಮಾಣಪತ್ರದ ದಿನಾಂಕವನ್ನು ತಾವೂ ಕೇಳಿರಲಿಲ್ಲವೆಂದು ಹೇಳಿಕೆ ಬರೆಸಿದರು. ಮಾರ್ಚಿನಲ್ಲಿ ಅಲ್ಲಿಗೆ ಹೋಗಿ ಗ್ರೇಸ್‌ಳನ್ನು ಕಂಡರು. ಆಕೆ ಬೈಯಲಿಲ್ಲವಂತೆ, ಕ್ಷಮಿಸಿದೆ ಅಂತಲೂ ಹೇಳಲಿಲ್ಲವಂತೆ. ಕುಟುಂಬ ಬೇರೆ ಮನೆಗೆ ಹೋಯಿತು.

ಮನೆಯ ಕಾಗದವೆಂದರೆ ಮಾಲೀಕ ಯಾರು, ಚೆಕ್ಕುಬಂದಿ ಏನು, ಸಹಿ ಸರಿಯಿದೆಯೇ ಎಂದು ನೋಡುವುದಷ್ಟೇ ನನ್ನ ಕೆಲಸವೆಂದು ತಿಳಿದಿದ್ದವನು ನಾನು. ವೃತ್ತಿ ಬಿಡುವವರೆಗಿನ ಉಳಿದ ಎರಡು ವರ್ಷ, ಕಣಕಟ್ಟೆಯ ತೋಟದ ಮನೆಯಿರಲಿ, ಬೆಂಗಳೂರಿನ ಫ್ಲಾಟ್ ಇರಲಿ, ಕಡತ ತೆರೆಯುವ ಮೊದಲು ಕಕ್ಷಿದಾರರನ್ನು ಒಂದು ಮಾತು ಕೇಳುತ್ತಿದ್ದೆ: ಆ ಮನೆಯಲ್ಲಿ ಈಗ ಯಾರಿದ್ದಾರೆ, ಅವರು ಕೊನೆಯ ಸಲ ಏನು ಹೇಳಿದರು? ಕೆಲವರು ನಗುತ್ತಿದ್ದರು. ಹೆಚ್ಚಿನವರಿಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಹೊರಗೆ ಹೋಗಿ ಫೋನ್ ಮಾಡಿ ಕೇಳಿಕೊಂಡು ಬನ್ನಿ, ಆಮೇಲೆ ಸೀಲು ಹಾಕುತ್ತೇನೆ ಎನ್ನುತ್ತಿದ್ದೆ.