ಎಂಟು ತಿಂಗಳಿಗೆ ಮೊದಲೇ ಕಟ್ಟಿದ ಲಿಂಗ

ಹೋದ ವಾರ ಆಳಂದ ಪೇಟೆಯ ಬಟ್ಟೆ ಅಂಗಡಿಯಲ್ಲಿ ಅಸ್ತರಿಗೆಂದು ಬಿಳಿ ಮಾದರಪಾಟ ಕೇಳಿದೆ. ಅಂಗಡಿಯವರು ಥಾನಿನಿಂದ ಒಂದು ತುಂಡು ಚರ್ರನೆ ಹರಿದು ನನ್ನ ಮುಂದೆ ಇಟ್ಟರು. ತೊಳೆಯದ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು. ಬ್ಲೌಸು ಹೊಲಿದು ಬದುಕುವವಳು ನಾನು, ಬಟ್ಟೆಯ ವಾಸನೆ ನನಗೆ ಹೊಸದಲ್ಲ. ಆದರೆ ಈ ಬಿಳಿ ಮಾದರಪಾಟದ ವಾಸನೆ ಮಾತ್ರ... "ಆಮ್ಯಾಲ ಬರ್ತೇನ್ರಿ" ಎಂದು ಹೊರಗೆ ಬಂದುಬಿಟ್ಟೆ. "ಹರದದ್ದು ಯಾರಿಗಿ ಕೊಡ್ಲೆವ್ವಾ?" ಎಂದು ಅವರು ಹಿಂದಿನಿಂದ ಕೂಗಿದರು. ನಾಚಿಕೆಯಾಗಿ ತಿರುಗಿ ಹೋಗಿ ತಂದೆ. ಇನ್ನೂ ಅದಕ್ಕೆ ಕತ್ತರಿ ಹಚ್ಚಿಲ್ಲ.

ಅಂಥದೇ ಬಟ್ಟೆಯಲ್ಲಿ ಒಮ್ಮೆ ನನ್ನ ಅಕ್ಕನಿಗೆ ಒಂದು ಪಟ್ಟಿ ಹೊಲಿದಿದ್ದೆ. ಅದನ್ನು ಬರೆಯಲು ಕುಳಿತಿದ್ದೇನೆ. ನಾನು ಓದಿದ್ದು ಏಳನೆಯ ತರಗತಿ. ಚೆಂದ ಮಾಡಿ ಹೇಳಲು ಬರುವುದಿಲ್ಲ, ನಡೆದದ್ದನ್ನು ಹೇಳಬಲ್ಲೆ.

ನಮ್ಮ ತವರು ಅಫಜಲಪುರ ಕಡೆ. ಅವ್ವ ಬೇಗ ತೀರಿಕೊಂಡಳು. ನನ್ನ ತಲೆ ಬಾಚಿದ್ದು, ಜ್ವರ ಬಂದರೆ ತೊಡೆಯ ಮೇಲೆ ಮಲಗಿಸಿಕೊಂಡದ್ದು, ರೊಟ್ಟಿ ಬಡಿಯಲು ಕಲಿಸಿದ್ದು ಎಲ್ಲ ಅಕ್ಕನೇ. ಬಾಯಿ ಮಾತ್ರ ಬಲು ಜೋರು. ನನ್ನ ರೊಟ್ಟಿ ಅಂಚಿನಲ್ಲಿ ಸೀಳಿದರೆ, "ಏನಬೇ, ಇದು ರೊಟ್ಟಿಯೋ, ಅಫಜಲಪುರ ತಾಲೂಕಿನ ನಕಾಶೆಯೋ?" ಎನ್ನುತ್ತಿದ್ದಳು. ಬೈಯದೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಅವಳ ಬೈಗುಳ ಕೇಳದಿದ್ದರೆ ನನಗೂ ಇಳಿಯುತ್ತಿರಲಿಲ್ಲ.

ಅವಳನ್ನು ಜೇವರ್ಗಿ ತಾಲೂಕಿನ ಕೊಳಕೂರಿಗೆ ಕೊಟ್ಟರು, ನನ್ನನ್ನು ಆಳಂದಕ್ಕೆ. ಅವಳಿಗೆ ಇಬ್ಬರು ಗಂಡುಮಕ್ಕಳು. ನನಗೆ ವರ್ಷಗಳಾದರೂ ಏನೂ ಇಲ್ಲ. ನನ್ನ ಗಂಡ ತೊಗರಿಬೇಳೆ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ. ಓಣಿಯ ಸೀಮಂತಗಳಲ್ಲಿ ಉಡಿ ತುಂಬಲು ಹೆಂಗಸರನ್ನು ಕರೆಯುವಾಗ ನನ್ನ ಹೆಸರು ಬರುವ ಹೊತ್ತಿಗೆ ಯಾರೋ ನೀರು ಕೇಳುತ್ತಿದ್ದರು, ಯಾರೋ ಮಾತು ಬದಲಿಸುತ್ತಿದ್ದರು... ಮುಂದಿನದಕ್ಕೆ ಇದೇ ಕಾರಣ ಎಂದು ನೆಪ ಹೇಳುತ್ತಿಲ್ಲ. ಆದರೆ ಇದು ಗೊತ್ತಿರಬೇಕು.

ಎರಡನೆಯ ಹೆರಿಗೆಯಲ್ಲಿ ಅಕ್ಕನಿಗೆ ರಕ್ತ ನಿಲ್ಲಲಿಲ್ಲ. ಗುಲಬರ್ಗಾಕ್ಕೆ ಒಯ್ದು ಉಳಿಸಿಕೊಂಡರು. ಅಲ್ಲಿನ ಡಾಕ್ಟರಮ್ಮ, ಇನ್ನೊಂದು ಬಸಿರು ಬೇಡವೇ ಬೇಡ, ಜೀವಕ್ಕೆ ಕುತ್ತು ಎಂದು ಹೇಳಿ ಕಳಿಸಿದರು. ಮೈಗೆ ರಕ್ತ ಬಂದ ಮೇಲೆ ಮಕ್ಕಳಾಗದ ಆಪರೇಷನ್ ಮಾಡಿಸಬೇಕೆಂದಿತ್ತು. ತೊಗರಿ ರಾಶಿ ಮುಗಿಯಲಿ ಎಂದಳು ಅವಳ ಅತ್ತೆ. ಆಮೇಲೆ ಜೋಳ ಬಂತು. ಆಮೇಲೆ ಅಕ್ಕ ಮತ್ತೆ ಬಸಿರಾದಳು.

ಮನೆಯಲ್ಲಿ ಯಾರಿಗೂ ಹೇಳದೆ ಅವಳು ನನ್ನ ಹತ್ತಿರ ಬಂದಳು. "ಕೊಳಕೂರಾಗ ಕೆಮ್ಮಿದ್ರ ಊರಿಗೇ ಕೇಳಸ್ತದ. ಅದಕ್ಕ ಇಲ್ಲಿ ತಗಸ್ಕೊಂಡು ಹೋಗ್ತೇನಿ" ಎಂದಳು. ನಮ್ಮ ಪಕ್ಕದ ಮನೆಯ ಮುಸ್ಲಿಂ ಹೆಂಗಸು ದವಾಖಾನೆಯಲ್ಲಿ ನರ್ಸ್. ಓಣಿಯವರೆಲ್ಲ ಅವರನ್ನು ನರ್ಸಬಾಯಿ ಎನ್ನುತ್ತಿದ್ದರು. ಡ್ಯೂಟಿ ಮುಗಿಸಿ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು.

"ಗಂಡನ ಸಹಿ ಬೇಕೇನ್ರಿ?" ಅಕ್ಕ ಕೇಳಿದಳು.

"ನಿಂದೊಂದೇ ಸಾಕು ಬೇಟಾ. ಇನ್ನೂ ಮೂರು ತಿಂಗಳೂ ತುಂಬಿಲ್ಲ, ಕಾಯ್ದಾದಾಗ ಏನೂ ಅಡ್ಡಿ ಇಲ್ಲ."

ನಾನು ತಡೆಯದೆ ಕೇಳಿದೆ: "ಪಾಪ ಅಲ್ಲೇನ್ರಿ ಅದು?"

ನರ್ಸಬಾಯಿ ನಕ್ಕರು. "ನಮ್ಮಲ್ಲಿ ಒಬ್ಬ ಮೌಲ್ವಿಸಾಬ್ರು ಕೂಸಿಗಿ ರೂಹ್, ಅಂದ್ರ ಆತ್ಮ, ಬರೋತನಕ ನಡೀತದ ಅಂತಾರ. ಇನ್ನೊಬ್ರು ಮೊದಲ ದಿನದಿಂದನೇ ಗುನ್ಹಾ ಅಂತಾರ. ನಮ್ಮತ್ತಿದಂತೂ ಅವರಿಬ್ರಿಗಿಂತ ಬ್ಯಾರೇನೇ. ದವಾಖಾನ್ಯಾಗ ಮಾತ್ರ ಎಲ್ಲಾರಿಗೂ ಒಂದೇ ಕಾಯ್ದಾ ನೋಡು."

"ನನಗೂ ಒಬ್ಬಾಕಿ ಅತ್ತಿ ಅದಾಳ್ರಿ" ಎಂದಳು ಅಕ್ಕ. "ಸುಪ್ರೀಂ ಕೋರ್ಟಿನಕಿಂತ ಮ್ಯಾಗಿನ ಕೋರ್ಟ್ ಆಕಿದು."

ಮೂವರೂ ನಕ್ಕೆವು. ಬರುವ ಸೋಮವಾರ ಹೋಗುವುದೆಂದು ಮಾತಾಯಿತು. ಅಕ್ಕ ನನ್ನಿಂದ ಕೇಳಿದ್ದು ಇಷ್ಟೇ, ಜೊತೆಗೆ ಬರಬೇಕು, ಯಾರಿಗೂ ಹೇಳಬಾರದು.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಾನು ಹರಕೆ ಹೊತ್ತು ಕೇಳಿದ್ದನ್ನು ಇವಳು ಬೇಡವೆನ್ನುತ್ತಾಳಲ್ಲ ಎಂದು ಹೊಟ್ಟೆಯಲ್ಲಿ ಬೆಂಕಿ. ಪಾಪದ ಭಯವೂ ಇತ್ತು, ಸುಳ್ಳಲ್ಲ. ಆದರೆ ಎಷ್ಟು ಭಯ, ಎಷ್ಟು ಹೊಟ್ಟೆಕಿಚ್ಚು ಎಂದು ಇವತ್ತಿಗೂ ನನಗೆ ಬೇರೆ ಮಾಡಲು ಬಂದಿಲ್ಲ. "ನಿನಗ ಬ್ಯಾಡಾದ್ರ ನನಗ ಕೊಡಬೇ" ಎಂದೆ ಒಮ್ಮೆ.

"ಹೊಟ್ಟಿ ಅಂದ್ರ ಕೈಚೀಲೇನು, ಈ ಕೈಯಿಂದ ಆ ಕೈಗಿ ಕೊಡಾಕ?" ಎಂದಳು. ನಂತರ ದನಿ ತಗ್ಗಿಸಿ, "ನಾ ಸತ್ರ ನನ್ನ ಎರಡು ಹುಡುಗ್ರನ್ನ ಯಾರು ನೋಡ್ತಾರ, ಹೇಳು" ಎಂದಳು. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಓಣಿಗೆ ಭಿಕ್ಷೆಗೆ ಬರುವ ಜಂಗಮ ಅಯ್ಯನವರೊಬ್ಬರಿದ್ದರು. ಮೆತ್ತಗಿನ ಮಾತಿನ ವಯಸ್ಸಾದ ಜೀವ. ಜೋಳಿಗೆಗೆ ಜೋಳ ಹಾಕುತ್ತ, ಬೇರೆ ಯಾರದೋ ಸಂಗತಿ ಎಂಬಂತೆ ಕೇಳಿದೆ. ಅವರು ಹೇಳಿದರು: "ನಮ್ಮಲ್ಲಿ ಎಂಟನೇ ತಿಂಗಳಿಗಿ ತಾಯಿ ಹೊಟ್ಟಿಮ್ಯಾಲ ಕೂಸಿನ ಲಿಂಗ ಕಟ್ತೀವಿ. ಕಟ್ಟಿದ ಮ್ಯಾಲ ಅದು ಶಿವನ ಕೂಸು. ಅದಕಿಂತ ಮೊದಲಿಂದು ನನಗ ತಿಳೀದು ತಂಗೀ. ಅದನ್ನ ಡಾಕ್ಟರಿಗಿ ಕೇಳ್ರಿ."

ಇದು ನಮ್ಮ ಲಿಂಗಾಯತರ ಪದ್ಧತಿ. ಹುಟ್ಟುವ ಮೊದಲೇ ಮಗುವಿನ ಹೆಸರಿನಲ್ಲಿ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ಹೊಟ್ಟೆಯ ಮೇಲೆ ಕಟ್ಟುತ್ತಾರೆ. ಹುಟ್ಟಿದ ಮೇಲೆ ಅದೇ ಲಿಂಗ ಮಗುವಿನ ಕೊರಳಿಗೆ. ಅಯ್ಯನವರು ತಮಗೆ ತಿಳಿದ ಗೆರೆ ತೋರಿಸಿ ಹೋದರು. ನಾನು ಆ ಗೆರೆಯನ್ನು ಈಚೆಗೆ ಸರಿಸಬಹುದಲ್ಲ ಎಂದುಕೊಂಡೆ. ಎಂಟಕ್ಕೇ ಯಾಕೆ ಕಟ್ಟಬೇಕು? ಈಗಲೇ ಕಟ್ಟಿದರೆ?

ಮರುದಿನ ಅವರನ್ನು ಹುಡುಕಿಕೊಂಡು ಹೋಗಿ ಕಾಲು ಹಿಡಿದೆ. ಅಕ್ಕನಿಗೆ ಹೋದ ಹೆರಿಗೆಯ ಭಯ ಹೋಗಿಲ್ಲ, ಧೈರ್ಯಕ್ಕೆ ಈಗಲೇ ಲಿಂಗ ಕಟ್ಟಿಕೊಡಿ ಎಂದೆ. ಸೋಮವಾರದ ಮಾತು ಎತ್ತಲಿಲ್ಲ. "ಪದ್ಧತಿ ಎಂಟಕ್ಕ ಅದ" ಎಂದು ಅನುಮಾನಿಸಿದರು. ನಾನು ಅತ್ತುಬಿಟ್ಟೆ. "ಧೈರ್ಯ ಬರೂದಿದ್ರ ಕಟ್ಟೋಣ ಬಿಡು" ಎಂದರು. ಅಲ್ಲಿಂದ ನೇರ ಬಸ್ ಸ್ಟ್ಯಾಂಡಿನ ಫೋನ್ ಬೂತಿಗೆ ಹೋಗಿ ಕೊಳಕೂರಿನ ಕಿರಾಣಿ ಅಂಗಡಿಗೆ ಫೋನ್ ಹಚ್ಚಿ ಅಕ್ಕನ ಅತ್ತೆಯನ್ನು ಕರೆಸಿದೆ. "ಅಕ್ಕ ಬಸರಿದಾಳ್ರಿ. ರವಿವಾರ ಲಿಂಗ ಕಟ್ಟತಾರ, ಬರ್ರಿ" ಎಂದೆ. ಅವಳಿಗೆ ಬಸಿರಿನ ಸುದ್ದಿ ತಿಳಿದದ್ದೇ ಆಗ.

ಅಕ್ಕನಿಗೆ ಹೇಳಿದ್ದು ಬೇರೆ. ಸೋಮವಾರ ಹೋಗುವ ಮೊದಲು ಅಯ್ಯನವರ ಆಶೀರ್ವಾದ ತಗೋ ಎಂದೆ. "ಅವರೆದುರಿಗಿ ಏನೂ ಬಾಯಿ ಬಿಡಬ್ಯಾಡ ಮತ್ತ" ಎಂದಳು, ಒಪ್ಪಿದಳು. ಒಳಗೆ ಅವಳಿಗೂ ಹೆದರಿಕೆ ಇದ್ದಿರಬೇಕು. ನಾನು ಬಿಳಿ ಮಾದರಪಾಟ ತಂದು ಸೊಂಟಕ್ಕೆ ಸುತ್ತುವಷ್ಟು ಪಟ್ಟಿ ಹೊಲಿದೆ. ನಡುವೆ ಲಿಂಗ ಕೂರುವಂತೆ ಸಣ್ಣ ಜೇಬು ಬಿಟ್ಟೆ. ಅಷ್ಟು ನೀಟಾದ ಹೊಲಿಗೆ ನಾನು ಅದಕ್ಕೆ ಮೊದಲೂ ಹಾಕಿರಲಿಲ್ಲ, ಆಮೇಲೂ ಹಾಕಿಲ್ಲ.

ಭಾನುವಾರ ಅಕ್ಕ ಜಳಕ ಮಾಡಿ ಮಣೆಯ ಮೇಲೆ ಕುಳಿತಳು. ಅಯ್ಯನವರು ಅವಳ ಹಣೆಗೆ ವಿಭೂತಿ ಹಚ್ಚಿ ಲಿಂಗವನ್ನು ಕೈಗೆ ತೆಗೆದುಕೊಂಡರು. ನಾನು ಒಳಗಿನಿಂದ ಪಟ್ಟಿ ತಂದೆ. ಅದೇ ಹೊತ್ತಿಗೆ ಅವಳ ಅತ್ತೆ ತೆಂಗಿನಕಾಯಿ, ಕುಪ್ಪಸದ ಕಣ ಹಿಡಿದು ನಗುತ್ತ ಒಳಗೆ ಬಂದಳು. ಅಕ್ಕ ಪಟ್ಟಿ ನೋಡಿದಳು, ಅತ್ತೆಯನ್ನು ನೋಡಿದಳು. ಕಡೆಗೆ ನನ್ನನ್ನು ನೋಡಿದಳು.

"ಏನಬೇ ಇದು?"

ಅಷ್ಟೇ ಅಂದಳು. ಅಯ್ಯನವರ ಕೈಯಲ್ಲಿ ಲಿಂಗ ಹತ್ತಿರ ಬರುತ್ತಿತ್ತು. ನಮ್ಮ ಮನೆಗಳಲ್ಲಿ ಬೆಳೆದ ಯಾವ ಹೆಂಗಸೂ ಅದನ್ನು ದೂಡುವುದಿಲ್ಲ. ಅದು ನನಗೆ ಗೊತ್ತಿತ್ತು, ನಾನು ನಂಬಿದ್ದೂ ಅದನ್ನೇ. ಅವಳು ಕಣ್ಣು ಮುಚ್ಚಿದಳು. ಬೆನ್ನಿನ ಹಿಂದೆ ಗಂಟು ಹಾಕಿದವಳು ನಾನು.

"ಇನ್ನ ಇದು ಶಿವನ ಕೂಸು. ಕೆಟ್ಟ ಕಣ್ಣಿಲೆ ನೋಡಿದ್ರೂ ಶಿವದ್ರೋಹ" ಎಂದಳು ಅತ್ತೆ ಸಂತೋಷದಿಂದ. ಅವಳಿಗೆ ಸೋಮವಾರದ ವಿಚಾರ ಗೊತ್ತೇ ಇರಲಿಲ್ಲ. ಆ ಸಂಜೆಯ ಬಸ್ಸಿಗೇ ಸೊಸೆಯನ್ನು ಕರೆದುಕೊಂಡು ಹೋದಳು.

ಸೋಮವಾರ ನರ್ಸಬಾಯಿ ದವಾಖಾನೆಯಲ್ಲಿ ಕಾದು ಕಾದು ಸಂಜೆ ಮನೆಗೆ ಬಂದರು. ಲಿಂಗ ಕಟ್ಟಿದೆವು ಎಂದೆ. ಅದರ ಅರ್ಥ ಅವರಿಗೆ ತಿಳಿಯಿತು, ಇಷ್ಟು ವರ್ಷ ನಮ್ಮ ನಡುವೆಯೇ ಇದ್ದವರು. "ದಿಲ್ಲಿಯಿಂದ ಆಳಂದತನಾ ಬಂದಿತ್ತಲ್ಲ ಬೇ ಕಾಯ್ದಾ" ಎಂದರು. "ನಿಮ್ಮ ಹೊಸ್ತಲಾ ದಾಟಲಿಲ್ಲ."

ಅಯ್ಯನವರು ಮುಂದಿನ ಸಲ ಬಂದಾಗ ನಾನೇ ಎಲ್ಲ ಹೇಳಿಬಿಟ್ಟೆ. ಅವರು ಜೋಳಿಗೆ ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತರು. "ನನ್ನ ಕೈಲೆ ಮಾಡಿಸಿದೆಲ್ಲವ್ವಾ" ಎಂದರು. ಕೊಳಕೂರಿಗೆ ಹೋದರು ಕೂಡ. ಕಟ್ಟಿದ್ದನ್ನು ಬಿಚ್ಚಬಹುದು, ತಾಯಿಯ ಜೀವ ದೊಡ್ಡದು ಎಂದು ಹೇಳಿದರಂತೆ. ಅಕ್ಕನ ಅತ್ತೆ ಅವರ ಪಾದ ತೊಳೆದು, ಹೋಳಿಗೆ ಬಡಿಸಿ, "ಕಟ್ಟಿದವರೇ ಬಿಚ್ಚು ಅಂದ್ರ ಹ್ಯಾಂಗ್ರಿ ಅಯ್ಯನೋರ?" ಎಂದಳಂತೆ. ಆಮೇಲೆ ಅವರು ನನ್ನ ಬಾಗಿಲಿಗೆ ಭಿಕ್ಷೆಗೆ ಬರಲಿಲ್ಲ. ಈಚೆ ಮನೆಯಿಂದ ಆಚೆ ಮನೆಗೆ ದಾಟಿಹೋಗುತ್ತಿದ್ದರು...

ದಿನ ತುಂಬುತ್ತ ಬಂದಾಗ ಕೊಳಕೂರಿಗೆ ಹೋದೆ. ಅಕ್ಕನ ಕಾಲುಗಳು ಬಾತು ಕಂಬದಂತಾಗಿದ್ದವು. ಅವಳ ಎದುರಿಗೇ ಒಲೆ ಮುಂದೆ ಕುಳಿತು ರೊಟ್ಟಿ ಬಡಿದೆ. ರೊಟ್ಟಿ ಅಂಚಿನಲ್ಲಿ ಸೀಳಿತು. ಅವಳು ನೋಡಿದಳು, ಏನೂ ಅನ್ನಲಿಲ್ಲ. ಒಂದು ಮಾತು ಬೈದಿದ್ದರೆ ನಾನು ಅವಳ ಕಾಲಿಗೆ ಬೀಳುತ್ತಿದ್ದೆ. ಹೊರಡುವಾಗ ಮಾತ್ರ, "ಕೂಸು ನೀನೇ ಒಯ್ಯಿ. ಕಟ್ಟಿದಾಕಿ ನೀನೇ ಅಲ್ಲ" ಎಂದಳು. ಸಿಟ್ಟಿನಿಂದಲೋ, ಕರುಣೆಯಿಂದಲೋ... ದನಿಯಲ್ಲಿ ಎರಡೂ ಇರಲಿಲ್ಲ.

ನೋವು ಶುರುವಾದಾಗ ಜೀಪಿನಲ್ಲಿ ಜೇವರ್ಗಿಗೆ ಒಯ್ದರು. ಹೆರಿಗೆ ಅಲ್ಲಿಯೇ ಆಯಿತು. ಹೆಣ್ಣು ಕೂಸು, ಗಟ್ಟಿಯಾಗಿ ಅತ್ತಿತಂತೆ. ಅಕ್ಕನಿಗೆ ಈ ಸಲವೂ ರಕ್ತ ನಿಲ್ಲಲಿಲ್ಲ. ಗುಲಬರ್ಗಾಕ್ಕೆ ಹೊರಟರು, ಅವಳು ಜೀವಂತ ಮುಟ್ಟಲಿಲ್ಲ.

ಹೇಳಿದಂತೆಯೇ ಕೂಸು ನನ್ನ ಮನೆಗೆ ಬಂತು. ಅದನ್ನು ಎತ್ತಿಕೊಂಡ ದಿನ ನನಗೆ ಸಂತೋಷವಾಯಿತು. ಇದನ್ನೂ ಬರೆಯಲೇಬೇಕು. ಅಕ್ಕ ಮಣ್ಣಾಗಿ ಇನ್ನೂ ತಿಂಗಳಾಗಿರಲಿಲ್ಲ, ನಾನು ತೊಟ್ಟಿಲು ತೂಗುತ್ತ ಹಾಡಿದೆ. ಅಕ್ಕನ ಗಂಡುಮಕ್ಕಳು ಅಜ್ಜಿಯ ಹತ್ತಿರ ಬೆಳೆದರು. ಇವತ್ತಿಗೂ ನನ್ನ ಮನೆಯಲ್ಲಿ ನೀರು ಕುಡಿಯುವುದಿಲ್ಲ.

ಆ ಹುಡುಗಿ ಈಗ ಕಡಗಂಚಿಯ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಓದುತ್ತಾಳೆ. ಮೊನ್ನೆ ಶನಿವಾರ ಬಂದವಳು ಅಡುಗೆಮನೆಯ ಬಾಗಿಲಿಗೆ ಆತು ನಿಂತಳು. "ಚಿಗವ್ವಾ, ನನ್ನ ಭಾಷಣ ಕೇಳು. ಚರ್ಚಾ ಸ್ಪರ್ಧಾ ಅದ. ಗರ್ಭಪಾತದ ಕಾಯ್ದಾದಾಗ ಧರ್ಮ ಕೈ ಹಾಕಬೇಕೋ ಬ್ಯಾಡೋ ಅಂತ. ನಾ ಬ್ಯಾಡ ಅನ್ನೋ ಕಡಿ." ಕೈ ಆಡಿಸುತ್ತ ಹೇಳತೊಡಗಿದಳು. ಹೊರದೇಶಗಳಲ್ಲಿ ಚರ್ಚಿನವರು ಇದಕ್ಕಾಗಿ ಕೋರ್ಟಿಗೆ ಹೋಗುತ್ತಾರಂತೆ, ಬೀದಿಗಿಳಿಯುತ್ತಾರಂತೆ. "ನಮ್ಮ ದೇಶದಲ್ಲಿ ಈ ಕಾನೂನು ಎಂದೋ ಬಂದಿದೆ. ನಮ್ಮಲ್ಲಿ ಧರ್ಮ ಅದಕ್ಕೆ ಅಡ್ಡ ಬಂದಿಲ್ಲ" ಎಂದಾಗ ನನ್ನ ಕೈಯ ಹಿಟ್ಟು ಪರಾತಕ್ಕೆ ಬಿತ್ತು.

"ಯಾಕ, ತಪ್ಪಾತೇನು?" ಎಂದಳು.

ಸುಮ್ಮನಿರಬಹುದಿತ್ತು. ಇಷ್ಟು ವರ್ಷ ಸುಮ್ಮನಿದ್ದೆ. ಹೆರಿಗೆಯಲ್ಲಿ ಅವ್ವ ತೀರಿಕೊಂಡಳು ಎಂಬುದಷ್ಟೇ ಅವಳಿಗೆ ಗೊತ್ತು. ಆದರೆ ಅವಳು ಆ ಮಾತನ್ನು ನೂರು ಮಂದಿಯ ಎದುರು ಹೇಳುತ್ತಾಳಲ್ಲ, ನನ್ನ ಮನೆಯಿಂದಲೇ ಕಲಿತು ಹೋಗಿ... ಒಲೆ ಆರಿಸಿ ಕೂಡಿಸಿಕೊಂಡು ಎಲ್ಲ ಹೇಳಿದೆ. ನರ್ಸಬಾಯಿಯ ಮಾತು, ಫೋನ್ ಬೂತು, ಪಟ್ಟಿ, ಗಂಟು. ಹೇಳುವಾಗ ಅವಳ ಕೈ ಕೊರಳಿನ ಲಿಂಗದ ಮೇಲೆ ಹೋಯಿತು. ಅದೇ ಲಿಂಗ ಅದು. ತೆಗೆದು ಬಿಸಾಕುತ್ತಾಳೇನೋ ಎಂದುಕೊಂಡೆ. ಸುಮ್ಮನೆ ಹಿಡಿದುಕೊಂಡೇ ಕೂತಳು.

"ಅವ್ವಗ ನಾ ಬ್ಯಾಡಾಗಿದ್ನೇನು?" ಎಂದು ಕೇಳಿದಳು ಕಡೆಗೆ.

"ಆಕಿಗಿ ಬದುಕಬೇಕಾಗಿತ್ತವ್ವಾ. ನಿಮ್ಮಣ್ಣಂದಿರ ಸಲುವಾಗಿ."

ಮರುದಿನ ಬಸ್ ಸ್ಟ್ಯಾಂಡಿನವರೆಗೆ ನಾನೂ ಹೋದೆ. ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಕಡಗಂಚಿ ಬಸ್ಸು ಬಂದಾಗ ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದಳು.

"ನಿನ್ನ ಮ್ಯಾಲ ಸಿಟ್ಟ ಮಾಡ್ಬೇಕಂದ್ರ ನಾ ಹುಟ್ಟಬಾರದಿತ್ತು ಅನ್ನಬೇಕು ಚಿಗವ್ವಾ. ಹಂಗ ಅನ್ನಾಕ ಬಾಯಿ ಬರವಲ್ದು. ಮಾಫ್ ಮಾಡ್ಬೇಕಂದ್ರ ಆ ಹಕ್ಕು ಅವ್ವಂದು, ನಂದಲ್ಲ."

ಭಾಷಣದಲ್ಲಿ ಧರ್ಮ ಅಡ್ಡ ಬಂದಿಲ್ಲ ಎಂಬ ಆ ಸಾಲು ಇಡುತ್ತೀಯೋ ತೆಗೆಯುತ್ತೀಯೋ ಎಂದು ಕೇಳಬೇಕೆಂದಿದ್ದೆ. ಬಸ್ಸು ಹೊರಟಿತು. ಅವಳು ಕಿಟಕಿಯ ಕಡೆಯ ಸೀಟಿನಲ್ಲಿಯೇ ಕುಳಿತಿದ್ದಳು, ಮುಂದೆ ನೋಡುತ್ತ.

ತೊಗರಿ ಚೀಲದ ಲಾರಿಗಳು ಹಾರ್ನ್ ಹೊಡೆಯುತ್ತ ದಾಟುತ್ತಿದ್ದವು, ನಾನು ಅಲ್ಲಿಯೇ ನಿಂತಿದ್ದೆ. ನನಗೆ ಬೈಯುವ ಅಧಿಕಾರ ಇದ್ದವರು ಇಬ್ಬರೇ. ಒಬ್ಬಳು ಬೈಯದೇ ಹೋದಳು. ಇನ್ನೊಬ್ಬಳಿಗೆ, ನಾನು ಮಾಡಿದ್ದರಿಂದಲೇ, ಬೈಯಲು ಬಾಯಿ ಇಲ್ಲದಂತಾಗಿದೆ.