ಬರಿ ಮಗ್ಗದ ಸದ್ದು

ಚಳ್ಳಕೆರೆಯ ಹುಡುಗರು ದಾನದ ಕಾಳು ತುಂಬಿದ ಗಾಡಿ ಹೊಡೆದುಕೊಂಡು ನಮ್ಮ ಮೊಳಕಾಲ್ಮೂರಿನ ನೇಕಾರರ ಬೀದಿಗೆ ಬಂದ ದಿನ, ಬೀದಿಯ ಅಷ್ಟೂ ಗಂಡಸರು ನೂಲಿಲ್ಲದ ಮಗ್ಗ ಬಡಿಯುತ್ತಾ ಕುಳಿತಿದ್ದರು. ಇದನ್ನು ಹೇಳಿದರೆ ನನ್ನ ಸೊಸೆಯರು ನಗುತ್ತಾರೆ. ನಗಲಿ. ಅವರಿಗೇನು ಗೊತ್ತು ನಮ್ಮ ಗಂಡಸರ ಠೇಂಕಾರ!

ಆ ವರ್ಷ ದೊಡ್ಡ ಊರುಗಳಲ್ಲಿ ಪ್ಲೇಗು. ನಮಗೆ ರೇಷ್ಮೆ ನೂಲು ಕಳಿಸುತ್ತಿದ್ದ ಸಾಹುಕಾರರು ಜೀವ ಉಳಿದರೆ ಸಾಕೆಂದು ಊರಾಚೆ ಗುಡಿಸಲು ಹಾಕಿಕೊಂಡಿದ್ದರು. ನೂಲಿಲ್ಲ, ಸೀರೆಯಿಲ್ಲ, ಕೂಳಿಲ್ಲ. ಆದರೆ ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ನಿಂತ ಮನೆ ಎಂದರೆ ಮಾನ ಹೋದ ಮನೆ. ಅಂಥ ಮನೆಗೆ ಹೆಣ್ಣು ಕೇಳಲು ಯಾರೂ ಬರುತ್ತಿರಲಿಲ್ಲ. ನನಗೆ ಗಂಡು ಹುಡುಕುತ್ತಿದ್ದ ಕಾಲ ಬೇರೆ. ಅದಕ್ಕೇ ಅಪ್ಪ ಬೆಳಗ್ಗೆ ಎದ್ದು, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಮಗ್ಗದ ಗುಂಡಿಗೆ ಇಳಿದು ಖಾಲಿ ಹಲಗೆಯನ್ನು ದಡ್ ದಡ್ ಎಂದು ಬಡಿಯುತ್ತಿದ್ದ. ಪಕ್ಕದ ಮನೆಯವನೂ ಅದನ್ನೇ ಮಾಡುತ್ತಿದ್ದ. ಅವನದು ಖಾಲಿ ಎಂದು ಇವನಿಗೆ ಗೊತ್ತು, ಇವನದು ಖಾಲಿ ಎಂದು ಅವನಿಗೆ ಗೊತ್ತು. ಆದರೂ ಸಂಜೆ ಜಗುಲಿಯ ಮೇಲೆ ಕೂತು, ಕೆಲಸ ವಿಪರೀತ, ಸೊಂಟ ಬಿದ್ದುಹೋಯಿತು ಎಂದು ಇಬ್ಬರೂ ಗೋಳಾಡುತ್ತಿದ್ದರು. ಒಳಗೆ ನನ್ನ ಪುಟ್ಟ ತಮ್ಮ ಹಸಿವಿಗೆ ಅತ್ತು ಅತ್ತು ಸೋತು ಮಲಗಿರುತ್ತಿದ್ದ.

ನಮ್ಮ ಕಷ್ಟ ಹೇಗೋ ಚಳ್ಳಕೆರೆ ಮುಟ್ಟಿತು. ಅಲ್ಲಿನ ಓದಿದ ಹುಡುಗರು ತೋಳಿಗೆ ಹಳದಿ ಬಟ್ಟೆ ಕಟ್ಟಿಕೊಂಡು, ನನ್ನಿವಾಳದ ಕಡೆಯ ಹಳ್ಳಿಗಳಲ್ಲೆಲ್ಲ ಮನೆಮನೆ ಸುತ್ತಿ ನವಣೆ, ಸಜ್ಜೆ, ರಾಗಿ ಎತ್ತಿ ತಂದರು. ಒಳ್ಳೆಯ ಕೆಲಸವೇ, ಇಲ್ಲ ಅನ್ನಬಾರದು. ಆದರೆ ದಾನಕ್ಕೆ ಮೊದಲು ಭಾಷಣವಾಗಬೇಕಲ್ಲ! ಕೋಟು ತೊಟ್ಟ ಅವರ ಮುಖಂಡ ಗಾಡಿಯ ಮೇಲೆ ನಿಂತು ದಯೆ, ಧರ್ಮ, ದೇಶ ಯಾವುದನ್ನೂ ಬಿಡಲಿಲ್ಲ. ಎದುರಿಗೆ ನಿಂತು ಕೇಳಿದ್ದು ಎರಡು ಎತ್ತುಗಳು ಮಾತ್ರ. ಕೊನೆಗೆ ತಮ್ಮ ಸಂಘದ ನಿಯಮ ಸಾರಿದ: ದುಡಿಮೆ ಇದ್ದವರಿಗೆ ಕೊಟ್ಟರೆ ಸೋಮಾರಿಗಳಾಗುತ್ತಾರೆ, ಆದ್ದರಿಂದ ಮಗ್ಗ ನಿಂತ ಮನೆಗೆ ಮಾತ್ರ ಕಾಳು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಮಗ್ಗಗಳ ಸದ್ದು ಇನ್ನೂ ಜೋರಾಯಿತು. ಮೊದಲು ನಿಲ್ಲಿಸಿದವನು ತಾನಾಗಬಾರದು ಎಂದು ಒಬ್ಬೊಬ್ಬನಿಗೂ ಹಠ. ಹುಡುಗರು ಈ ತುದಿಯಿಂದ ಆ ತುದಿಯವರೆಗೆ ಕಿವಿಗೊಟ್ಟು ನಡೆದರು. ಮುಖಂಡನಿಗೆ ಸಂತೋಷವೋ ಸಂತೋಷ. ನಮ್ಮ ಬಾಗಿಲಿಗೆ ಬಂದು ಅವ್ವನಿಗೆ ಹೇಳಿದ:

"ದೇವರ ದಯೆ, ನಿಮಗೆಲ್ಲಾ ಕೆಲಸ ಐತೆ. ಹಂಗಾದ್ರೆ ನೀವೂ ಬಡವರಿಗೆ ಒಂದು ಬೊಗಸೆ ಕಾಳು ಹಾಕ್ರಿ ಅವ್ವಾ. ಪುಣ್ಯ ಬರ್ತೈತೆ."

ಅಯ್ಯೋ, ನಿನ್ನ ಪುಣ್ಯಕ್ಕಿಷ್ಟು ಬೆಂಕಿ ಹಾಕ! ಹಸಿದವರ ಮನೆಗೆ ಕಾಳು ತಂದವನು ಅವರ ಹತ್ತಿರವೇ ಕಾಳು ಕೇಳುತ್ತಿದ್ದಾನೆ. ನಮ್ಮಪ್ಪ ಏನು ಕಡಿಮೆಯೇ?

"ಹಾಕೇ, ಹಾಕು! ಬಾಗ್ಲಿಗೆ ಬಂದೋರ್ನ ಬರಿಗೈಲಿ ಕಳಿಸ್ಬಾರ್ದು" ಎಂದ ಒಳಗಿನಿಂದ.

ಮನೆಯಲ್ಲಿ ಇದ್ದದ್ದು ತಮ್ಮನ ಗಂಜಿಗೆ ಎತ್ತಿಟ್ಟ ಒಂದು ಹಿಡಿ ನವಣೆ. ಅವ್ವ ಒಳಗೆ ಹೋದಳು. ಅದನ್ನೇ ತರುತ್ತಾಳೆಂದುಕೊಂಡೆ. ಅವಳು ತಂದದ್ದು ಖಾಲಿ ಮೊರ.

"ನಾನೇನು ಹಾಕ್ಲಪ್ಪಾ, ನೀನೇ ಇದಕ್ಕೆ ಹಾಕು. ಕೂಸು ಉಂಡಿಲ್ಲ. ಮಗ್ಗದಾಗೆ ಒಂದೆಳೆ ನೂಲಿಲ್ಲ."

"ಊರುಕೋವೇ!" ಎಂದು ಅಪ್ಪ ಗದರಿದ. ಸಿಟ್ಟು ಬಂದರೆ ಅವನಿಗೆ ತೆಲುಗೇ ಬರುತ್ತಿದ್ದುದು. ಸುಮ್ಮನಿರು ಅಂದರೆ ಸುಮ್ಮನಿರುವ ಹೆಂಗಸಲ್ಲ ನಮ್ಮವ್ವ.

ಮುಖಂಡ ತಲೆ ಕೆರೆದುಕೊಂಡ. "ಆದ್ರೆ ಮಗ್ಗ ನಡೀತಾ ಐತಲ್ರೀ ಅವ್ವಾ. ನಮ್ಮ ನಿಯಮ ಏನಂದ್ರೆ..."

"ಒಳಗೆ ಬಂದು ನೋಡು" ಎಂದು ಅವ್ವ ಬಾಗಿಲಿನಿಂದ ಸರಿದಳು.

ಮುಖಂಡ ಹೊಸ್ತಿಲು ದಾಟಿದ. ಅಪ್ಪನ ಕೈ ಹಲಗೆಯ ಮೇಲೆ ಹಾಗೇ ನಿಂತಿತು. ಮೊದಲು ನಿಲ್ಲಿಸುವವನೊಬ್ಬ ಸಿಕ್ಕನಲ್ಲ, ಪಕ್ಕದವನೂ ನಿಲ್ಲಿಸಿದ, ಅವನ ಪಕ್ಕದವನೂ ನಿಲ್ಲಿಸಿದ. ನೋಡನೋಡುತ್ತಲೇ ಬೀದಿಯ ಹೆಂಗಸರೆಲ್ಲ ಮೊರ ಹಿಡಿದು ಗಾಡಿಯ ಸುತ್ತ ನೆರೆದರು.

ಆ ಸಂಜೆ ತಮ್ಮನ ಹೊಟ್ಟೆ ತುಂಬಿತು. ಅಪ್ಪ ಅವ್ವನೊಡನೆ ಮಾತು ಬಿಟ್ಟ. ಮನೆಯ ಮಾನ ಕಳೆದಳು ಎಂದು ಗೋಡೆಗೆ ಹೇಳಿಕೊಂಡ. ಅವ್ವ ಅವನ ಗಂಗಳಕ್ಕೆ ಇನ್ನೊಂದು ಮುದ್ದೆ ಹಾಕಿದಳು. ಅವನು ಬೇಡ ಅನ್ನಲಿಲ್ಲ.