ಮಗ್ಗದ ಶೆಡ್ಡಿನ ಕೈಬಾಯಕ್ಕ

ಆ ಶೆಡ್ಡಿನಲ್ಲಿ ಮಗ್ಗಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುವಾಗ ಸಿಡಿಲು ಬಿದ್ದರೂ, ತನ್ನ ಸದ್ದು ಸಾಲದೆಂದು ನಾಚಿ ಹೊರಗೆ ಹೋಗಬೇಕು. ಅಲ್ಲಿ ಮಾತು ದಂಡ. ಹಾಗಾಗಿ ನೇಯುವವಳೊಬ್ಬಳು ಕೈಯಲ್ಲೇ ಕಥೆ ಹೇಳುತ್ತಿದ್ದಳು; ಜನ ಕೈಬಾಯಕ್ಕ ಅಂದರು. ಮನೆಯಲ್ಲಿ ಬಾಯಿ ತೆರೆದರೆ ತೊದಲು, ಗಂಡನ ನಗು, ಅತ್ತೆಯ ಸೊಟ್ಟ ಮೂತಿ. ಇಲ್ಲಿ ಎರಡು ಬೆರಳೆತ್ತಿದರೆ ಮದುವೆ, ಜಗಳ, ಓಡಿಹೋದ ಮದುಮಗ! ಈ ಕೆಲಸ ಹೋದರೆ ಅವಳ ನಾಲಿಗೆ ಕಿತ್ತಂತೆಯೇ.

ಎಲ್ಲರಿಗೂ ಪ್ರಾಣವಾಗಿದ್ದದ್ದು ಮೇಸ್ತ್ರಿಯ ಕಥೆ. ಆ ಪುಣ್ಯಾತ್ಮನ ಹೊಟ್ಟೆ ಬಾಗಿಲು ದಾಟಿದ ಕಾಲು ಗಂಟೆಯ ಮೇಲೆ ಅವನು ಬರುತ್ತಿದ್ದ. ಅವಳು ಹೊಟ್ಟೆ ಮುಂದೆ ತಳ್ಳಿ, ಬೀಗದಕೈಯಿಂದ ಕಿವಿ ಕೆರೆದು, ಅತ್ತಿತ್ತ ನೋಡಿ, ನೂಲಿನ ಉಂಡೆಗಳನ್ನು ಊಟದ ಡಬ್ಬಿಗೆ ತುರುಕಿ, ಮುಚ್ಚಳದ ಮೇಲೆ ಕೂತು ಅದುಮುತ್ತಿದ್ದಳು. ನಕ್ಕು ನಕ್ಕು ಜನ ಕೈ ತಪ್ಪಿ ಮಗ್ಗದ ನೂಲು ಕಡಿಸಿಕೊಳ್ಳುತ್ತಿದ್ದರು.

ಒಂದು ದಿನ ಅವನೇ ಹಿಂದೆ ನಿಂತಿದ್ದ. ಹೊಟ್ಟೆ, ಕಿವಿ ನೋಡಿದ್ದಷ್ಟೇ, ಡಬ್ಬಿಯವರೆಗೂ ಕಾಯದೆ ಉರಿದುಬಿದ್ದು ಅವಳನ್ನು ಮಾಲೀಕರ ಕೋಣೆಗೆ ಎಳೆದೊಯ್ದ.

"ಸಾರ್, ಇವಳು ನನ್ನ ಅಣಕಿಸ್ತಾಳೆ. ಇವತ್ತೇ ಮನೆಗೆ ಕಳಿಸಿ."

"ಏನಮ್ಮಾ ಮಾಡಿದ್ದು? ಹೇಳು," ಅಂದರು ಮಾಲೀಕರು.

ಕೋಣೆಯಲ್ಲಿ ಗಡಿಯಾರದ್ದು ಬಿಟ್ಟರೆ ಸದ್ದಿಲ್ಲ. "ನಾ... ನಾನು..."

"ಇದಕ್ಕೆ ಬಾಯೆಲ್ಲಿದೆ ಸಾರ್?" ಮೇಸ್ತ್ರಿ ಹಲ್ಲು ಕಿರಿದ. "ಲೇ, ಅಲ್ಲಿ ಮಾಡ್ತಿದ್ದೆಯಲ್ಲ, ಅದನ್ನೇ ಮಾಡೇ!"

ಮಾಡಿದಳು. ಹೊಟ್ಟೆ ಬಂತು, ಕಿವಿ ಬಂತು. ಮಾಲೀಕರ ಮೀಸೆ ನಗುವಿಗೆ ಅದುರಿತು. ಆಮೇಲೆ ಡಬ್ಬಿ ಬಂತು. ಒಂದು ಉಂಡೆ, ಇನ್ನೊಂದು ಉಂಡೆ, ಮುಚ್ಚಳ. ಮೀಸೆ ಅಲ್ಲೇ ನಿಂತಿತು.

"ಯಾರಯ್ಯಾ ಇದು? ನೀನೇನಾ?"

ಈಗ ತೊದಲು ಮೇಸ್ತ್ರಿಗೆ ಹತ್ತಿತು. "ನಾ... ನಾನಲ್ಲ ಸಾರ್. ಯಾರೋ ಏನೋ."

"ಹಾಗಾದ್ರೆ ನಿನ್ನನ್ನ ಅಣಕಿಸಿಲ್ಲ. ದೂರು ಮುಗೀತು. ನಾಳೆಯಿಂದ ನಿನ್ನ ಡಬ್ಬಿ ಮಾತ್ರ ನನ್ನ ಮೇಜಿನ ಮೇಲಿರ್ಲಿ."

ಕೆಲಸ ಉಳಿಯಿತು. ಆದರೆ ಹಾವಿನ ದ್ವೇಷ ಹನ್ನೆರಡು ವರ್ಷವಾದರೆ ಮೇಸ್ತ್ರಿಯದು ಹನ್ನೆರಡು ನಿಮಿಷವೂ ಕಾಯಲಿಲ್ಲ. ಅವಳನ್ನು ಮೂಲೆಯ ಮಗ್ಗಕ್ಕೆ ಅಟ್ಟಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ. "ಗೋಡೆಗೆ ಹೇಳ್ಕೋ ನಿನ್ನ ಕಥೆ!" ಎಂದು ಅರಚಿದ. ಗದ್ದಲದಲ್ಲಿ ಯಾರಿಗೆ ಕೇಳಬೇಕು? ಕೊನೆಗೆ ಪಾಪ, ಅವನೂ ಕೈಸನ್ನೆಯಲ್ಲೇ ಬೈದ. ಅದೂ ಸರಿಯಾಗಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಡಬ್ಬಿ ಹಿಡಿದು, ಎಲ್ಲರ ಕಣ್ಣೆದುರೇ ಮಾಲೀಕರ ಕೋಣೆಗೆ ಹೊರಟ. ಗೋಡೆಗೆ ಮುಖ ಮಾಡಿ ನೇಯುತ್ತಲೇ ಓರೆಗಣ್ಣಲ್ಲಿ ಅವನನ್ನು ಕಂಡವಳ ಬಲಭುಜ, ಭಾರದ ಡಬ್ಬಿ ಹೊತ್ತಂತೆ ಮೆಲ್ಲಗೆ ಜೋತುಬಿತ್ತು. ಕತ್ತು ಕುಗ್ಗಿತು. ಕಾಲು ಅಗಲವಾಗಿ, ಸೊಂಟ ಒಲ್ಲೆ ಒಲ್ಲೆ ಅನ್ನುತ್ತ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋಯಿತು.

ಅವಳ ಬೆನ್ನ ಹಿಂದೆ ಇಡೀ ಸಾಲಿನ ನೂಲು ಕಡಿಯಿತು.